ನಿಕಲ್ ಕೀಳುವ ಮೊದಲು ಒಳಗಿರೋದು ಏನು ಅಂತ ನೋಡಿ

ಕೈಲ್‌ಪೊಳ್ದ್ ಬಂತು ಅಂದ್ರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಮರದ ಪೆಟ್ಟಿಗೆ ಕೆಳಗೆ ಇಳಿಯುತ್ತೆ. ಸೆಪ್ಟೆಂಬರ್ ಮೊದಲ ವಾರ, ಗದ್ದೆ ನಾಟಿ ಮುಗಿದಿರುತ್ತೆ, ಮಳೆರಾಯನೂ ಸ್ವಲ್ಪ ಸುಸ್ತಾಗಿರ್ತಾನೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಜೋಡಿಸಿ, ಗಂಧ ಹಚ್ಚಿ, ತೋಕ್ ಪೂ ಸಿಕ್ಕಿಸಿ ಪೂಜೆ. ಆಮೇಲೆ ಕಡಂಬುಟ್ಟು, ಪಂದಿ ಕರಿ... ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ :-)

ಈ ಸಲ ಬರೀತಿರೋದು ಆ ಪೆಟ್ಟಿಗೆಯೊಳಗಿನ ಸಾಮಾನಿನ ಬಗ್ಗೆ. ಅದಕ್ಕೆ ನಾನೇ ಮಾಡಿದ ಅನಾಹುತದ ಬಗ್ಗೆ. ಎರಡು ವರ್ಷದಿಂದ ಬರೀಬೇಕು ಅಂದುಕೊಂಡು ನಾಚಿಕೆಯಿಂದ ಸುಮ್ಮನಿದ್ದೆ. ಮೊನ್ನೆ ವಿರಾಜಪೇಟೆಯಲ್ಲಿ ಸಿಕ್ಕ ನೆಂಟರೊಬ್ಬರು "ನಮ್ಮನೆ ಕತ್ತಿಗೂ ನಿಕಲ್ ಹಾಕಿಸಿದ್ವಿ, ಈಗ ಎದ್ದು ಬರ್ತಾ ಇದೆ, ಯಾವ ಆಸಿಡ್ ಹಾಕಿದ್ರೆ ಹೋಗುತ್ತೆ?" ಅಂತ ಕೇಳಿದ್ರು. ಇನ್ನು ಸುಮ್ಮನಿರೋದು ತಪ್ಪು ಅನ್ನಿಸ್ತು.

ಕೊಡಗಿನ ಹೊರಗಿನ ಓದುಗರಿಗೆ ಒಂದೆರಡು ಮಾತು. ಒಡಿಕತ್ತಿ ಅಂದ್ರೆ ಅಗಲವಾದ, ಬಾಗಿದ ಉಕ್ಕಿನ ಅಲಗಿನ ಕತ್ತಿ. ಅದನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳಲು ಇರುವ ಕೊಕ್ಕೆ ತೋಡಂಗ್, ನಮ್ಮ ಮನೆಯದು ಹಿತ್ತಾಳೆಯದು. ಪೀಚೆಕತ್ತಿ ಅಂದ್ರೆ ಕುಪ್ಯದ ಮೇಲೆ ಕಟ್ಟುವ ಚೇಲೆಯಲ್ಲಿ ಮುಂದೆ ಸಿಕ್ಕಿಸುವ ಚಿಕ್ಕ ಕತ್ತಿ, ಅದರ ಒರೆಗೆ ಬೆಳ್ಳಿ ಕಟ್ಟು. ಅಂದ್ರೆ ಒಬ್ಬ ಮದುಮಗನ ಮೈಮೇಲೆ ಉಕ್ಕು, ಹಿತ್ತಾಳೆ, ಬೆಳ್ಳಿ ಮೂರೂ ಇರುತ್ತೆ. ಇಡೀ ಕಥೆ ಇರೋದು ಇಲ್ಲೇ.

ನಮ್ಮಜ್ಜನ ಒಡಿಕತ್ತಿ ಕಪ್ಪಾಗಿತ್ತು. ಅಲ್ಲಲ್ಲಿ ತುಕ್ಕಿನ ಚುಕ್ಕೆ. ಮನೆಯಲ್ಲಿ ಮದುವೆ ಬಂತು. ಮದುವೇಲಿ ಬಾಳೆ ಕಡಿಯೋದನ್ನು ಎಲ್ಲರೂ ನೋಡ್ತಾರೆ, ಫೋಟೋ ವಿಡಿಯೋ ಎಲ್ಲಾ ಇರುತ್ತೆ, ಈ ಕಪ್ಪು ಕತ್ತಿ ಹಿಡಿದು ನಿಲ್ಲೋದಾ ಅಂತ ಯಾರೋ ಅಂದ್ರು. ಸರಿ, ಕತ್ತಿ ಮತ್ತು ತೋಡಂಗ್ ಎರಡನ್ನೂ ಪೇಟೆಯ ಒಂದು ಅಂಗಡಿಗೆ ಕೊಟ್ಟು ನಿಕಲ್ ಪಾಲಿಶ್ ಮಾಡಿಸಿದ್ವಿ. ಬಂದಾಗ ಕನ್ನಡಿ! ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು. ಪೀಚೆಕತ್ತಿಯನ್ನು ಮಾತ್ರ ಅಮ್ಮ ಕೊಡಲಿಲ್ಲ. "ಬೆಳ್ಳಿಗೆ ಇನ್ನೇನು ಬಳಿಯೋದು" ಅಂದ್ರು. ಇವತ್ತಿಗೂ ಆ ಮಾತಿಗೆ ಕೈ ಮುಗೀತೀನಿ.

ಮೂರು ಮಳೆಗಾಲ ಕಳೀತು. ಕತ್ತಿಯ ಮೇಲೆ ಗುಳ್ಳೆ ಎದ್ದವು, ಉಗುರು ಹಾಕಿದರೆ ಬೆಳ್ಳನೆಯ ಸಿಪ್ಪೆ ಬರ್ತಿತ್ತು, ಸಿಪ್ಪೆಯ ಕೆಳಗೆ ಕೆಂಪು ತುಕ್ಕು. ಆ ವರ್ಷ ಕೈಲ್‌ಪೊಳ್ದ್‌ಗೆ ಮುಂಚೆ ನಾನೇ ತೆಗೀತೀನಿ ಅಂತ ಹೊರಟೆ. ಒಂದು ವಿಡಿಯೋ ನೋಡಿದ್ದೆ. ಗಟ್ಟಿ ನೈಟ್ರಿಕ್ ಆಸಿಡ್‌ನಲ್ಲಿ ಉಕ್ಕಿನ ಸಾಮಾನು ಮುಳುಗಿಸಿದರೆ ನಿಕಲ್ ಮಾತ್ರ ಕರಗುತ್ತೆ, ಉಕ್ಕಿಗೆ ಏನೂ ಆಗಲ್ಲ ಅಂತ ಅದರಲ್ಲಿತ್ತು. ಆಸಿಡ್ ಎಲ್ಲಿಂದ ತಂದೆ ಅಂತ ಕೇಳಬೇಡಿ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಅಂಗಡಿಯವರು ಆಸಿಡ್ ಕೊಡಬೇಕಾದರೆ ಗುರುತಿನ ಚೀಟಿ ನೋಡಿ, ಯಾತಕ್ಕೆ ಅಂತ ಕೇಳಿ, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಾನು ಸುತ್ತು ದಾರಿ ಹಿಡಿದೆ. ಮೊದಲ ತಪ್ಪು ಅದೇ.

ಮೋಸ ಏನು ಗೊತ್ತಾ? ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ. ಗಟ್ಟಿ ನೈಟ್ರಿಕ್ ಆಸಿಡ್ ಕಬ್ಬಿಣದ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟುತ್ತೆ, ಆ ಪೊರೆ ಇರೋತನಕ ಒಳಗಿನ ಕಬ್ಬಿಣಕ್ಕೆ ರಕ್ಷಣೆ. ನಿಕಲ್ ಕರಗುತ್ತೆ, ಉಕ್ಕು ಉಳಿಯುತ್ತೆ. ನಮ್ಮ ಕತ್ತಿಯಲ್ಲೂ ಹಾಗೇ ಆಯ್ತು. ಅಜ್ಜನ ಅಲಗು ಮತ್ತೆ ಕಾಣಿಸಿತು. ಖುಷಿಯಲ್ಲಿ ಅದೇ ಪಾತ್ರೆಗೆ ತೋಡಂಗ್ ಹಾಕಿದೆ.

ಅರ್ಧ ನಿಮಿಷ ಕೂಡ ಆಗಲಿಲ್ಲ. ಪಾತ್ರೆ ಕುದಿಯೋಕೆ ಶುರುವಾಯ್ತು, ಕಂದು ಬಣ್ಣದ ಹೊಗೆ ಎದ್ದು ಇಡೀ ಶೆಡ್ ತುಂಬಿತು. ಇಕ್ಕಳ ಹಾಕಿ ತೋಡಂಗ್ ಎತ್ತೋ ಹೊತ್ತಿಗೆ ಅದರ ಅಂಚಿನ ಕೆತ್ತನೆ ಹೋಗಿತ್ತು, ಒಂದು ಕಡೆ ಕೊಕ್ಕೆ ಕಡ್ಡಿಯಷ್ಟು ಸಣ್ಣಗಾಗಿತ್ತು. ನೈಟ್ರಿಕ್ ಆಸಿಡ್ ತಾಮ್ರ, ಸತು ಎರಡನ್ನೂ ತಿನ್ನುತ್ತೆ, ಹಿತ್ತಾಳೆ ಅಂದ್ರೆ ಅವೆರಡರ ಮಿಶ್ರಣ. ಪಿಯುಸಿಯಲ್ಲಿ ಓದಿದ್ದೇ. ಆದರೆ ಮೇಲೆ ಎರಡೂ ಒಂದೇ ಥರ ಬೆಳ್ಳಗೆ ಹೊಳೀತಿದ್ದಾಗ ಒಳಗಿರೋದು ಬೇರೆ ಅನ್ನೋದು ತಲೆಗೇ ಹೋಗಲಿಲ್ಲ.

ಆ ಹೊಗೆ ನೈಟ್ರೋಜನ್ ಡೈಆಕ್ಸೈಡ್. ಎರಡು ಸಲ ಕೆಮ್ಮಿ, ಆಚೆ ಬಂದು ಗಾಳಿ ಕುಡಿದು ಸರಿ ಹೋಯ್ತು ಅಂದುಕೊಂಡೆ. ಸಂಜೆ ಕಾಫಿ ಕುಡಿದು ಕ್ರಿಕೆಟ್ ಕೂಡ ನೋಡಿದೆ. ರಾತ್ರಿ ಹನ್ನೊಂದಕ್ಕೆ ಉಸಿರು ಎಳೆಯೋಕೆ ಆಗಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ. ಡಾಕ್ಟರು ಬೈದು ಹೇಳಿದ್ದು ಇದು: ಈ ಗಾಳಿ ಒಳಗೆ ಹೋದಾಗ ದೊಡ್ಡದಾಗಿ ಏನೂ ಅನ್ನಿಸದೇ ಇರಬಹುದು, ಕೆಲವು ಗಂಟೆ ಅಥವಾ ಒಂದು ದಿನ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೆಮ್ಮು ನಿಂತಿತು ಅಂತ ಮನೆಯಲ್ಲಿ ಮಲಗಬಾರದು, ಕೂಡಲೇ ಬರಬೇಕು. ದಯವಿಟ್ಟು ಇದನ್ನು ನೆನಪಿಡಿ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ.

"ನಿಕಲ್ ತೆಗೆಯೋ ಔಷಧಿ" ಅಂತ ಒಂದಿಲ್ಲ. ಉಕ್ಕಿನ ಮೇಲಿನ ನಿಕಲ್ ತೆಗೆಯೋದು ಒಂದು ಕೆಲಸ, ಹಿತ್ತಾಳೆ ಮೇಲಿನದು ಇನ್ನೊಂದು, ಸತುವಿನ ಮೇಲಿನದು ಮತ್ತೊಂದು. ಯಾವ ಆಸಿಡ್ ಅಂತ ಕೇಳೋ ಮೊದಲು ಒಳಗೆ ಯಾವ ಲೋಹ ಅಂತ ಕೇಳಬೇಕು. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮುಟ್ಟಲೇಬಾರದು.

ಒಳಗಿನ ಲೋಹ ಕಂಡುಹಿಡಿಯೋದು ಹೇಗೆ? ಎಲ್ಲರೂ ಮೊದಲು ಆಯಸ್ಕಾಂತ ಹಿಡೀತಾರೆ. ಒಳ್ಳೇದೇ, ಆದರೆ ನಿಕಲ್ ಕೂಡ ಆಯಸ್ಕಾಂತಕ್ಕೆ ಅಂಟುವ ಲೋಹ. ಹಿತ್ತಾಳೆ ಮೇಲಿನ ನಿಕಲ್ ಪದರವನ್ನೂ ಜೋರಾದ ಆಯಸ್ಕಾಂತ ಸ್ವಲ್ಪ ಎಳೀಬಹುದು. ಟಪ್ ಅಂತ ಗಟ್ಟಿಯಾಗಿ ಕಚ್ಚಿದರೆ ಮಾತ್ರ ಉಕ್ಕು ಅಂತ ತಿಳೀರಿ. ಆಮೇಲೆ ಯಾರಿಗೂ ಕಾಣದ ಜಾಗದಲ್ಲಿ ಸಣ್ಣ ಅರದಿಂದ ಕೂದಲೆಳೆಯಷ್ಟು ಉಜ್ಜಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ಕೆಂಪು ಕಂಡರೆ ಅಲ್ಲಿಗೇ ತಾಮ್ರ ಅಂತ ತೀರ್ಮಾನ ಮಾಡಬೇಡಿ. ನಿಕಲ್ ಹಾಕೋ ಮೊದಲು ಅಡಿಗೆ ತಾಮ್ರದ ತೆಳು ಲೇಪ ಕೊಡೋ ಪದ್ಧತಿ ಇದೆ, ಎರಕದ ಸತುವಿನ ಸಾಮಾನಿಗಂತೂ ತಾಮ್ರ ಬೇಕೇ ಬೇಕು. ಇನ್ನೊಂಚೂರು ಉಜ್ಜಿ. ಕೆಂಪಿನ ಕೆಳಗೆ ಬೂದು ಬಣ್ಣ ಬಂದು, ಆಯಸ್ಕಾಂತಕ್ಕೂ ಕಚ್ಚದಿದ್ದರೆ ಅದು ಸತುವಿನ ಎರಕ ಇರಬಹುದು.

ಮೇಲಿನ ಪದರವನ್ನೂ ನೋಡಿ. ನಿಕಲ್ ಹೊಳಪಿನಲ್ಲಿ ಸ್ವಲ್ಪ ಹಳದಿ ಛಾಯೆ, ಕ್ರೋಮ್‌ನಲ್ಲಿ ನೀಲಿ ಛಾಯೆ. ನಾವು ಕ್ರೋಮ್ ಅನ್ನೋದು ಸಾಮಾನ್ಯವಾಗಿ ದಪ್ಪ ನಿಕಲ್ ಮೇಲೆ ಹೊದಿಸಿದ ಅತಿ ತೆಳ್ಳನೆಯ ಕ್ರೋಮಿಯಂ. ಮೊಬೈಲ್ ಚಾರ್ಜರ್, ವಿನೆಗರ್, ಉಪ್ಪು ಇಟ್ಟುಕೊಂಡು ಮನೆಯಲ್ಲೇ ಕರೆಂಟ್ ಕೊಟ್ಟು ಕಿತ್ತು ಹಾಕೋ ವಿಡಿಯೋಗಳು ಬೇಕಾದಷ್ಟಿವೆ. ಉಪ್ಪು ಹಾಕಿದರೆ ಕ್ಲೋರಿನ್ ಗಾಳಿ ಬರುತ್ತೆ. ಕ್ರೋಮ್ ಇರೋ ಸಾಮಾನಿಗೆ ಹೀಗೆ ಕರೆಂಟ್ ಕೊಟ್ಟರೆ ಆರು ವೇಲೆನ್ಸಿಯ ಕ್ರೋಮಿಯಂ ಹುಟ್ಟಬಹುದು. ಅದು ಕ್ಯಾನ್ಸರ್ ತರುವ ವಸ್ತು. "ವಿನೆಗರ್ ಅಲ್ವಾ, ಅಡುಗೆಮನೆ ಸಾಮಾನು, ಏನಾಗುತ್ತೆ" ಅನ್ನೋದು ಸುಳ್ಳು ಧೈರ್ಯ.

ಇನ್ನು ಒಂದೊಂದು ಲೋಹಕ್ಕೆ ಏನು ಮಾಡಬಹುದು ಅಂತ, ಪೆಟ್ಟು ತಿಂದು ಓದಿ ಕೇಳಿ ತಿಳಿದದ್ದು:

ಉಕ್ಕು. ಆಸಿಡ್ ಬೇಡ. ಸಿಪ್ಪೆ ಏಳುತ್ತಿರುವ ನಿಕಲ್‌ಗೆ 400, 600 ನಂಬರಿನ ವಾಟರ್ ಪೇಪರ್, ಸ್ವಲ್ಪ ಎಣ್ಣೆ, ಮತ್ತು ತಾಳ್ಮೆ ಸಾಕು. ಒಣಗಿದ್ದನ್ನು ಉಜ್ಜಬೇಡಿ, ಗ್ರೈಂಡರ್ ಹಚ್ಚಬೇಡಿ. ನಿಕಲ್ ಧೂಳು ಮೂಗಿಗೆ ಹೋಗಬಾರದು. ಎಣ್ಣೆಯಲ್ಲಿ ಒದ್ದೆಯಾಗಿ ಉಜ್ಜಿದರೆ ಧೂಳು ಏಳಲ್ಲ. ಮಾಸ್ಕ್ ಹಾಕಿ. ಗಟ್ಟಿ ನೈಟ್ರಿಕ್ ದಾರಿ ಕಾರ್ಖಾನೆಯವರಿಗೆ ಬಿಡಿ. ಅದರೊಳಗೆ ಸ್ವಲ್ಪ ನೀರು ಸೇರಿದರೂ, ಒದ್ದೆ ಸಾಮಾನು ಮುಳುಗಿಸಿದರೂ, ಆ ರಕ್ಷಣೆಯ ಪೊರೆ ಒಡೆದು ಉಕ್ಕನ್ನೇ ತಿನ್ನೋಕೆ ಶುರು ಮಾಡುತ್ತೆ. ನನ್ನ ಕತ್ತಿ ಉಳಿದದ್ದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ. ಔಷಧಿ ಅಂಗಡಿಯ ನೀಲಿ ನೈಟ್ರೈಲ್ ಗ್ಲೌಸ್ ಹಾಕಿಕೊಂಡಿದ್ದೆ. ಗಟ್ಟಿ ನೈಟ್ರಿಕ್ ಮುಂದೆ ಅದು ನಿಲ್ಲಲ್ಲ ಅಂತ ಆಮೇಲೆ ಗೊತ್ತಾಯ್ತು.

ಹಿತ್ತಾಳೆ, ತಾಮ್ರ. ನೈಟ್ರಿಕ್ ಹತ್ತಿರವೂ ತರಬೇಡಿ. ಉಜ್ಜೋದೂ ಕಷ್ಟ, ಯಾಕೆಂದರೆ ನಿಕಲ್ ಪದರ ಹಿತ್ತಾಳೆಗಿಂತ ಗಟ್ಟಿ. ಒಂದು ಕಡೆ ನಿಕಲ್ ಹೋಗೋ ಹೊತ್ತಿಗೆ ಪಕ್ಕದಲ್ಲಿ ಹಿತ್ತಾಳೆ ಸವೆದು ಕೆತ್ತನೆ ಮಾಯ. ಪ್ಲೇಟಿಂಗ್ ಮಾಡುವವರು ಇದನ್ನು ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ನಲ್ಲಿಟ್ಟು ಕರೆಂಟನ್ನು ತಿರುಗಿಸಿ ಕೊಟ್ಟು, ಅಂದ್ರೆ ಲೇಪ ಹಾಕುವಾಗಿನದಕ್ಕೆ ಉಲ್ಟಾ ಮಾಡಿ, ತೆಗೀತಾರೆ. ಹಳದಿ ಕಂಡ ಕ್ಷಣ ಎತ್ತಬೇಕು. ತಾಮ್ರಕ್ಕೆ ಹೊಂದುವ ಸಿದ್ಧ ದ್ರಾವಣಗಳೂ ಅವರಿಗೆ ಸಿಗುತ್ತವೆ. ಉಕ್ಕಿಗೆ ಅಂತ ಬರುವ ಅಮೋನಿಯಾ ಜಾತಿಯ ದ್ರಾವಣ ತಾಮ್ರಕ್ಕೆ ಒಗ್ಗಲ್ಲ, ಹಳೇ ಕಾಲದ ಕೆಲವು ದ್ರಾವಣಗಳಲ್ಲಿ ಸಯನೈಡ್ ಇರುತ್ತಿತ್ತು. ಹಾಗಾಗಿ ಕೊಡುವಾಗ "ಒಳಗೆ ಹಿತ್ತಾಳೆ, ಬಫ್ ಹೊಡೆಯಬೇಡಿ" ಅಂತ ಚೀಟಿ ಬರೆದು ಕಟ್ಟಿ ಕೊಡಿ. ಬಾಯಲ್ಲಿ ಹೇಳಿದ್ದು ಕೆಲಸದ ಹುಡುಗನ ತನಕ ಹೋಗಲ್ಲ.

ಬೆಳ್ಳಿ. ನೈಟ್ರಿಕ್‌ನಲ್ಲಿ ಬೆಳ್ಳಿ ಸಕ್ಕರೆ ಥರ ಕರಗುತ್ತೆ. ಅಮ್ಮ ಪೀಚೆಕತ್ತಿ ತಡೆಯದಿದ್ದರೆ ಅದನ್ನೂ ಖಂಡಿತ ಪಾತ್ರೆಗೆ ಹಾಕಿರ್ತಿದ್ದೆ. ಬೆಳ್ಳಿ ಮೇಲೆ ಏನೇ ಲೇಪ ಇದ್ದರೂ ಕೈಕೆಲಸ ಗೊತ್ತಿರುವ ಅಕ್ಕಸಾಲಿಗರ ಹತ್ತಿರ ಹೋಗಿ. ಇನ್ನೊಂದು, ಈಗ ಬರುವ ಕೆಲವು ಅಗ್ಗದ ಒರೆಗಳು ಜರ್ಮನ್ ಸಿಲ್ವರ್. ಅದರಲ್ಲಿ ಹೆಸರಿಗೆ ಮಾತ್ರ ಬೆಳ್ಳಿ. ಇರೋದು ತಾಮ್ರ, ನಿಕಲ್, ಸತು. ಅಲ್ಲಿ ನಿಕಲ್ ಲೇಪ ಅಲ್ಲ, ಮೈಯೇ ನಿಕಲ್. ತೆಗೆಯೋ ಪ್ರಶ್ನೆಯೇ ಬರಲ್ಲ. ನಿಕಲ್ ತಾಗಿದರೆ ತುರಿಕೆ ಆಗುವವರು ತಿಳಿದಿರಬೇಕು.

ಸತುವಿನ ಎರಕ. ಹೊಸ ಬಾಗಿಲ ಹಿಡಿಕೆ, ದೀಪದ ಅಲಂಕಾರ, ಆಟಿಕೆ ಕತ್ತಿ ಇಂಥವು. ಸತುವನ್ನು ಆಸಿಡ್ಡೂ ತಿನ್ನುತ್ತೆ, ಕಾಸ್ಟಿಕ್ ಸೋಡಾನೂ ತಿನ್ನುತ್ತೆ. ಹಾಗೇ ಬಿಡಿ.

ಕೋವಿ. ಇದಕ್ಕೆ ಎರಡು ಕಾರಣ ಇದೆ ಮುಟ್ಟದಿರೋಕೆ. ಆಸಿಡ್‌ನಲ್ಲಿ ಮುಳುಗಿದ ಗಟ್ಟಿ ಉಕ್ಕು, ಮುಖ್ಯವಾಗಿ ಸ್ಪ್ರಿಂಗ್, ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತೆ. ಹೊರಗೆ ಏನೂ ಕಾಣಲ್ಲ, ಒಂದು ದಿನ ಟಕ್ ಅಂತ ಮುರಿಯುತ್ತೆ. ಕಾರ್ಖಾನೆಯಲ್ಲಾದರೆ ತಡಮಾಡದೆ 200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಆ ಹೈಡ್ರೋಜನ್ ಹೊರಗೆ ಕಳಿಸ್ತಾರೆ. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು ಹೊಡೆಯೋ ಕೋವಿ ಅದು, ಗೋಡೆಗೆ ನೇತು ಹಾಕೋ ಅಲಂಕಾರ ಅಲ್ಲ. ಎರಡನೇದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸೋದು ಅಪರಾಧ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ, ನಂಬರ್ ಉಜ್ಜಿ ಹಾಕೋಕೆ ವಿನಾಯಿತಿ ಇಲ್ಲ. ಪಾಲಿಶ್ ಅಂಗಡಿಯ ಬಫ್ ಚಕ್ರಕ್ಕೆ ಇದೆಲ್ಲ ಗೊತ್ತಿರಲ್ಲ.

ಈಗ ನನಗೆ ತೀರಾ ಕಷ್ಟದ ಭಾಗ. ಕೆಲಸ ಮುಗಿದ ಮೇಲೆ ಆ ಹಸಿರು ಆಸಿಡ್ ಏನು ಮಾಡಿದೆ?

ಶೆಡ್ ಹಿಂದಿನ ಚರಂಡಿಗೆ ಸುರಿದೆ. ಕೆಮ್ಮುತ್ತಾ ಇದ್ದೆ, ಅದನ್ನು ಬೇಗ ಕಣ್ಣ ಮುಂದಿನಿಂದ ಕಳಿಸಬೇಕಿತ್ತು. ಚರಂಡಿ ಕಾಫಿ ತೋಟದ ಪಕ್ಕ ಇಳಿದು ತೋಡಿಗೆ ಸೇರುತ್ತೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಆ ರಾತ್ರಿ ನಾನು ಆಸ್ಪತ್ರೆಯಲ್ಲಿದ್ದಾಗ ಜೋರು ಮಳೆ.

ಆಸ್ಪತ್ರೆಯಿಂದ ಬಂದು ಒಂದು ದಿನ ಕೂತು ಲೆಕ್ಕ ಹಾಕಿದೆ. ಅಲಗಿನ ಎರಡೂ ಕಡೆ ಸೇರಿ ಸುಮಾರು 480 ಚದರ ಸೆಂಟಿಮೀಟರ್. ಪದರ 10 ಮೈಕ್ರಾನ್ ಅಂತ ಇಟ್ಟುಕೊಂಡರೆ ನಿಕಲ್ ಸುಮಾರು 4 ಗ್ರಾಂ. ಒಂದು ಚಮಚ ಸಕ್ಕರೆಯಷ್ಟು ತೂಕ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ, 2012ರ ಐಎಸ್ 10500, ಹಾಕಿರುವ ಮಿತಿ ಲೀಟರಿಗೆ 0.02 ಮಿಲಿಗ್ರಾಂ ನಿಕಲ್. ಅಂದ್ರೆ ಆ 4 ಗ್ರಾಂ ನಿಕಲ್ 2 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಒಂದು ಕತ್ತಿ! ತೋಡಂಗ್‌ನ ತಾಮ್ರ, ಸತು ಲೆಕ್ಕಕ್ಕೇ ತಗೊಂಡಿಲ್ಲ. ನಿಕಲ್ ಸಂಯುಕ್ತಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿದೆ.

ಮಳೆಗಾಲದ ಹೊಳೆಯಲ್ಲಿ ಅದು ಎಲ್ಲೋ ಕರಗಿ ಹೋಗಿರುತ್ತೆ, ಇಷ್ಟಕ್ಕೆಲ್ಲಾ ಯಾರಿಗೂ ಏನೂ ಆಗಲ್ಲ ಅಂತ ನೀವು ಸಮಾಧಾನ ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಆದರೆ ತೋಡಿನ ಕೆಳಗೆ ಒಂದು ಬಾವಿ ಇದೆ. ಆ ಮನೆಯವರು ನಮ್ಮ ತೋಟಕ್ಕೆ ಕೆಲಸಕ್ಕೆ ಬರ್ತಾರೆ. ಅವರ ಮುಖ ನೋಡಿ ಆ ಸಮಾಧಾನ ಹೇಳೋಕೆ ಆಗಲಿಲ್ಲ. ಹೋಗಿ ನಡೆದದ್ದು ಹೇಳಿದೆ. ಆ ತಿಂಗಳು ಪೂರ್ತಿ ಕುಡಿಯೋ ನೀರು ನಮ್ಮ ಮನೆಯಿಂದ ಹೋಯ್ತು. ಅವರು ಬೈಯಲಿಲ್ಲ, ಅದೇ ಇನ್ನೂ ಕಷ್ಟ ಆಯ್ತು.

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರ್ತೀವಿ. ಕೆಳಗೆ ಮೈಸೂರು, ಬೆಂಗಳೂರಿನವರು ಕುಡಿಯೋದೂ ಅದೇ ನೀರು. ಬೆಂಗಳೂರಿನ ಕಾರ್ಖಾನೆಗಳನ್ನು ಬೈಯೋದು ಸುಲಭ. ಆದರೆ ಕಾಗದದ ಮೇಲಾದರೂ ಅವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ಲೇಟಿಂಗ್ ಕೆಲಸದ ತ್ಯಾಜ್ಯ ಇದೆ. ನನ್ನ ಶೆಡ್‌ಗೆ ಯಾರ ಅನುಮತಿ ಇತ್ತು?

ಸುಣ್ಣ ಅಥವಾ ವಾಷಿಂಗ್ ಸೋಡಾ ಹಾಕಿದರೆ ಸರಿ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಅರ್ಧ ನಿಜ. ಆಸಿಡ್ ಹುಳಿ ಹೋಗಿ ನಿಕಲ್ ಹಸಿರು ಮಡ್ಡಿಯಾಗಿ ತಳಕ್ಕೆ ಕೂರುತ್ತೆ, ಆದರೆ ಆ ಮಡ್ಡಿ ಕೂಡ ವಿಷವೇ, ಅದನ್ನು ತಿಪ್ಪೆಗೆ ಹಾಕೋ ಹಾಗಿಲ್ಲ. ಅಮೋನಿಯಾ, ಸಯನೈಡ್ ಜಾತಿಯ ದ್ರಾವಣಗಳಲ್ಲಿ ನಿಕಲ್ ಸರಿಯಾಗಿ ಕೂರೋದೂ ಇಲ್ಲ. ಮನೆಯಲ್ಲಿ ಇದಕ್ಕೆ ಜಾಗ ಇಲ್ಲ ಅನ್ನೋದೇ ನೇರವಾದ ಮಾತು.

ಕೊನೆಗೆ ಒಂದು ಪ್ರಶ್ನೆ. ನಿಕಲ್ ಹಾಕಿಸೋದಾದರೂ ಯಾಕೆ?

ತುಕ್ಕು ಹಿಡಿಯಲ್ಲ ಅಂತ ಅಂಗಡಿಯವರು ಹೇಳಿದ್ರು. ಸತು ಬಳಿದ ತಗಡು ಗೀರಿದರೂ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತೆ. ನಿಕಲ್ ಹಾಗಲ್ಲ. ಪದರದಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೂ ನಿಕಲ್ ಗಟ್ಟಿಯಾಗಿ ಕೂತಿರುತ್ತೆ, ಆ ತೂತಿನಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತೆ. ಬಟ್ಟೆ ಒಣಗದ ನಮ್ಮ ಜೂನ್ ಜುಲೈಯಲ್ಲಿ ಆ ತೂತು ಎಷ್ಟು ದಿನ ಸುಮ್ಮನಿರುತ್ತೆ ಹೇಳಿ? ಬರೀ ಎಣ್ಣೆ ಸವರಿದ ಕತ್ತಿಯಲ್ಲಿ ತುಕ್ಕು ಬಂದರೆ ಕಣ್ಣಿಗೆ ಕಾಣುತ್ತೆ, ಒರೆಸಬಹುದು. ನಿಕಲ್ ಕೆಳಗಿನ ತುಕ್ಕು ಗುಳ್ಳೆ ಎದ್ದ ಮೇಲೇ ಗೊತ್ತಾಗೋದು. ಅದೂ ಅಲ್ಲದೆ ನಿಕಲ್ ಕೂರಬೇಕು ಅಂದ್ರೆ ಮೊದಲು ಬಫ್ ಹೊಡೆದು ಮೈ ನುಣುಪು ಮಾಡ್ತಾರೆ. ಲೇಪ ಕಿತ್ತರೂ ಆಗ ಸವೆದದ್ದು ವಾಪಸ್ ಬರಲ್ಲ. ನಮ್ಮ ಅಲಗಿನ ಹಿಡಿಯ ಹತ್ತಿರ ಕಮ್ಮಾರ ಹೊಡೆದ ಸಣ್ಣ ಗುರುತೊಂದಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಬೆರಳಾಡಿಸ್ತಾ ಕೂರ್ತಿದ್ದೆ. ಈಗ ಇಲ್ಲ.

ಹಾಗಾಗಿ ನೆಂಟರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಇನ್ನೂ ಹಾಕಿಸಿಲ್ಲ ಅಂದ್ರೆ ಹಾಕಿಸಬೇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒರೆಸಿ ಎಣ್ಣೆ ಸವರಿ. ಹಾಕಿಸಿ ಆಗಿದೆ, ಲೇಪ ಗಟ್ಟಿಯಾಗಿದೆ ಅಂದ್ರೆ ಕೆದಕಬೇಡಿ. ಏಳ್ತಾ ಇದ್ದರೆ ಉಕ್ಕನ್ನು ಕೈಯಲ್ಲಿ ಉಜ್ಜಿ, ಹಿತ್ತಾಳೆ ಬೆಳ್ಳಿಯನ್ನು ಬಲ್ಲವರಿಗೆ ಕೊಡಿ, ಕೋವಿಯನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಆಸಿಡ್ ಬಾಟಲಿ ಮನೆಗೆ ತರಬೇಡಿ.

ನಮ್ಮ ಕತ್ತಿ ಮತ್ತೆ ಕಪ್ಪು ಚುಕ್ಕೆ ಚುಕ್ಕೆಯಾಗಿದೆ. ಈ ಸಲವೂ ಅದನ್ನೇ ಒರೆಸಿ ಪೂಜೆಗೆ ಇಟ್ವಿ. ಪಕ್ಕದಲ್ಲಿ ಕೊಕ್ಕೆ ಸವೆದ ತೋಡಂಗ್. ಹೊಸದು ಮಾಡಿಸೋಣ ಅಂತ ಮನೆಯಲ್ಲಿ ಹೇಳ್ತಾರೆ. ಬೇಡ, ಮಕ್ಕಳು ಇದು ಯಾಕೆ ಹೀಗಾಯ್ತು ಅಂತ ಕೇಳ್ತಾರಲ್ಲ, ಆಗ ಹೇಳೋಕೆ ಇರಲಿ ಅಂದಿದ್ದೀನಿ. ಈ ವರ್ಷ ಅಣ್ಣನ ಮಗ ಕೇಳಿದ. ಹೇಳಿದೆ. "ನೀವು ಇಂಜಿನಿಯರ್ ಅಲ್ವಾ?" ಅಂದ. ಏನು ಹೇಳಲಿ :-)

ನಿಮ್ಮ ಮನೆಯಲ್ಲೂ ಹೀಗೆ ನಿಕಲ್ ಹಾಕಿಸಿದ ಹಳೇ ಸಾಮಾನು ಇದೆಯಾ? ಏನು ಮಾಡಿದ್ರಿ? ಬರೀರಿ, ಕೇಳೋಕೆ ಆಸೆ ಇದೆ.